ಬಾನೆಟ್ಟಿನ ಮೇಲಿನ ಜೋಡಿ ಲಿಂಗ

ಜುಲೈ ತಿಂಗಳ ಒಂದು ಮಂಗಳವಾರ, ಗೋವಾದ ಮಳೆ ಮೂರು ದಿನದಿಂದ ಒಂದೇ ಸಮನೆ ಹೊಯ್ಯುತ್ತಿದ್ದಾಗ, ಹಣಮಪ್ಪನ ಬಿಳಿ ಕಾರು ನೀರಿಲ್ಲವೆಂಬ ಕಾರಣಕ್ಕೆ ಪಾಸಿಂಗಿನಲ್ಲಿ ಫೇಲಾಯಿತು.

ಹದಿನೈದು ವರ್ಷ ತುಂಬಿದ ಗಾಡಿಯನ್ನು ಸಾರಿಗೆ ಆಫೀಸಿನವರ ಮುಂದೆ ನಿಲ್ಲಿಸಿ, ಇದಿನ್ನೂ ಬದುಕಲು ಯೋಗ್ಯ ಎಂದು ಬರೆಸಿಕೊಳ್ಳಬೇಕು. ಮನುಷ್ಯರಿಗೆ ಇಂಥ ಕಾನೂನು ಇಲ್ಲದಿರುವುದು ನಮ್ಮ ಹಣಮಪ್ಪನಂಥವರ ಪುಣ್ಯ. ಆಫೀಸರ್ ಕೊಡೆ ಹಿಡಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬ್ರೇಕು ನೋಡಿದ, ಲೈಟು ನೋಡಿದ, ಹಾರ್ನ್ ಹೊಡೆಸಿದ. ಎಲ್ಲವೂ ಸರಿ ಇತ್ತು. ಕೊನೆಗೆ ಮುಂದಿನ ಗಾಜಿನತ್ತ ಬೆರಳು ತೋರಿಸಿ "ಉದಕ್ ಮಾರ್" ಅಂದ. ಗಾಜು ತೊಳೆಯುವ ನೀರು ಚಿಮ್ಮಿಸಿ ತೋರಿಸು ಅಂತ.

ಹಣಮಪ್ಪ ಸ್ಟೇರಿಂಗಿನ ಪಕ್ಕದ ಕಡ್ಡಿ ಎಳೆದ. ವೈಪರ್ ಮಾತ್ರ ಕುಣಿಯಿತು. ಗಾಜಿನ ಮೇಲೆ ಮಳೆ ಧಾರಾಕಾರ ಇಳಿಯುತ್ತಿತ್ತು.

"ಸಾಹೇಬ್ರ, ಬೀಳಾಕತ್ತೈತಲ್ರಿ ನೀರು!" ಅಂದ ಹಣಮಪ್ಪ, ಆಕಾಶಕ್ಕೆ ಕೈ ಮಾಡಿ.

ಆಫೀಸರನಿಗೆ ಕನ್ನಡ ಬಾರದಿದ್ದರೂ ಕೈಸನ್ನೆ ತಿಳಿಯಿತು. "ತೆಂ ದೆವಾಚೆಂ," ಅಂದ. "ತುಜೆಂ ದಾಖಯ್." ಅದು ದೇವರದು, ನಿನ್ನದು ತೋರಿಸು. ನಲವತ್ತು ವರ್ಷ ಹತ್ತಿರ ಗೋವಾದಲ್ಲಿದ್ದ ಹಣಮಪ್ಪನಿಗೆ ಕೊಂಕಣಿ ಅರ್ಥವಾಯಿತು, ನ್ಯಾಯ ಅರ್ಥವಾಗಲಿಲ್ಲ. ಆಫೀಸರ್ ಕಾಗದದ ಮೇಲೆ ಒಂದು ಗೀಟು ಎಳೆದು, ಬರುವ ವಾರದ ಶುಕ್ರವಾರ ಮತ್ತೆ ಬಾ ಅಂದ. ಆಗಲೂ ನೀರು ಬರದಿದ್ದರೆ ಗಾಡಿ ಗುಜರಿಗೆ ಅಂತಲೂ ಹೇಳಿದ.

ಈ ಕಾರು ಗುಜರಿಗೆ ಹೋದರೆ ಹೋಗುವುದು ಬರೀ ತಗಡಲ್ಲ. ಹಣಮಪ್ಪನ ಹೆಂಡತಿ ಸುಂದರವ್ವ ದಿನಾ ಕೋಳಿ ಕೂಗುವ ಮೊದಲೇ ಎದ್ದು ಜೋಳದ ರೊಟ್ಟಿ ಬಡಿಯುತ್ತಾಳೆ. ದಾಬೋಲಿಮ್‌ದಿಂದ ಫಾತೋರ್ಡಾದವರೆಗೆ ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯ ಮಂದಿ ಅವಳ ರೊಟ್ಟಿಯ ದಾರಿ ಕಾಯುತ್ತಾರೆ. ಕಾರಿನ ಹಿಂದಿನ ಸೀಟು ಮನುಷ್ಯರಿಗಲ್ಲ, ರೊಟ್ಟಿ ಬುಟ್ಟಿಗೆ. ಒಮ್ಮೆ ಕಾರು ಕೆಟ್ಟಾಗ ಬಸ್ಸಿನಲ್ಲಿ ಒಯ್ದು ನೋಡಿದ್ದರು. ವಾಸ್ಕೋದಲ್ಲಿ ಹತ್ತಿಸಿದ ರೊಟ್ಟಿ ಮಡಗಾಂವದಲ್ಲಿ ಪುಡಿಯಾಗಿ ಇಳಿದಿತ್ತು.

ಹಣಮಪ್ಪ ಹುನಗುಂದ ಕಡೆಯವನು. ಹದಿನೆಂಟಕ್ಕೆ ವಾಸ್ಕೋ ಬಂದರಿಗೆ ಚೀಲ ಹೊರಲು ಬಂದ, ಆಮೇಲೆ ಲಾರಿಗೆ ಕ್ಲೀನರ್ ಆದ, ಆಮೇಲೆ ಡ್ರೈವರ್. ಈಗ ಐವತ್ತಾರು. ಕಷ್ಟಪಟ್ಟು ಮೇಲೆ ಬಂದವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನಲ್ಲಿ ಒಂದು ಗುಣವಿತ್ತು: ತಪ್ಪು ಎಂಬುದು ಅವನ ಹತ್ತಿರ ಸುಳಿಯುತ್ತಿರಲಿಲ್ಲ. ರೈಲು ತಪ್ಪಿದರೆ ರೈಲು ಬೇಗ ಹೋಗಿತ್ತು. ಲಾರಿ ಗೋಡೆಗೆ ತಾಗಿದರೆ ಗೋಡೆ ರಸ್ತೆಗೆ ಬಂದಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಹಣಮಪ್ಪ ಕೆಳಗೆ ಬಿದ್ದದ್ದನ್ನೂ ಒಪ್ಪುತ್ತಿರಲಿಲ್ಲ, ಕೂತಿದ್ದೆ ಅನ್ನುತ್ತಿದ್ದ. "ತಪ್ಪಾತು" ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರು ಇಡೀ ವಾಸ್ಕೋದಲ್ಲಿ ಇಲ್ಲ.

ಗಾಡಿಗೆ ನೀರು ಯಾಕೆ ಬರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ತಿಳಿಯಲು ಒಂಬತ್ತು ವರ್ಷ ಹಿಂದೆ ಹೋಗಬೇಕು.

ಆಗ ಈ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ದಿನ ವಾಸ್ಕೋದ ಸರ್ಕಲ್ಲಿನಲ್ಲಿ ಯಾರೋ ದೊಡ್ಡವರು ಬರುತ್ತಾರೆಂದು ಟ್ರಾಫಿಕ್ ನಿಲ್ಲಿಸಿದ್ದರು. ಗಾಜಿನ ಮೇಲೆ ಬಂದರಿನ ಕಲ್ಲಿದ್ದಲಿನ ಧೂಳು ಕೂತಿತ್ತು. ದೊಡ್ಡವರನ್ನು ತಾನೂ ಕಣ್ತುಂಬ ನೋಡೋಣ ಅಂತ ಹಣಮಪ್ಪ ನೀರಿನ ಕಡ್ಡಿ ಎಳೆದ. ಬಾನೆಟ್ಟಿನ ಮೇಲೆ ನೀರು ಚಿಮ್ಮುವ ಎರಡು ಸಣ್ಣ ಮೂತಿಗಳಿರುತ್ತವೆ, ಅದರಲ್ಲಿ ಒಂದು ಪಕ್ಕಕ್ಕೆ ತಿರುಗಿತ್ತು. ನೀರು ಗಾಜಿನ ಮೇಲೆ ಬೀಳುವ ಬದಲು, ಇಸ್ತ್ರಿ ಮಾಡಿದ ಬಿಳಿ ಡ್ರೆಸ್ಸಿನಲ್ಲಿ ನಿಂತಿದ್ದ ಪೊಲೀಸಪ್ಪನ ಎದೆಗೆ ಹೋಗಿ ಬಿತ್ತು. ಪೊಲೀಸಪ್ಪ ಇವನನ್ನು ಇಳಿಸಿ, ಇಡೀ ಬಸ್ ಸ್ಟಾಪಿನ ಎದುರು ಕಿವಿ ಹಿಡಿಸಿ ನಿಲ್ಲಿಸಿದ. ಟೆಂಪೋ ಡ್ರೈವರುಗಳೆಲ್ಲ ಹೊಟ್ಟೆ ಹಿಡಿದು ನಕ್ಕರು. ಸಂಜೆಯೊಳಗೆ ಅವನಿಗೆ "ಕಾರಂಜಿ ಹಣಮ" ಅಂತ ನಾಮಕರಣವಾಗಿತ್ತು. ಪುಣ್ಯಕ್ಕೆ ಅದು ಮನೆಯವರೆಗೆ ಬರಲಿಲ್ಲ.

ಇಷ್ಟಕ್ಕೂ ಮೂತಿಯನ್ನು ಸೂಜಿಯಿಂದ ಒಂದಿಷ್ಟು ಇತ್ತ ತಿರುಗಿಸಿದ್ದರೆ ಮುಗಿಯುತ್ತಿತ್ತು. ಹಣಮಪ್ಪ ಹಾಗೆ ಮಾಡುವವನಲ್ಲ. ಮರುದಿನವೇ ಅಂಗಡಿಯಿಂದ, ಸೋರುವ ಪೈಪಿಗೆ ಮೆತ್ತುವ ಎಂ-ಸೀಲ್ ತಂದು, ಬೆರಳಲ್ಲಿ ಕಲೆಸಿ, ಎರಡೂ ಮೂತಿಗಳ ಮೇಲೆ ಗೋಲಿಯಷ್ಟು ಉಂಡೆ ಒತ್ತಿ, ತುದಿಯನ್ನು ಹೆಬ್ಬೆರಳಿನಿಂದ ನಯ ಮಾಡಿದ. ಇನ್ನು ಈ ಜನ್ಮದಲ್ಲಿ ನೀನು ಬಾಯಿ ಬಿಡಬಾರದು ಅಂತ ಗಾಡಿಗೆ ಬೈದು ಮಲಗಿದ.

ಬೆಳಿಗ್ಗೆ ಅಮಾಸಿ. ಅಮಾಸಿಗೆ ಗಾಡಿ ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುವುದು ನಮ್ಮ ಕಡೆಯವರು ಎಲ್ಲಿಗೆ ಹೋದರೂ ಬಿಡದ ಪದ್ಧತಿ. ಕುಂಕುಮದ ಬಟ್ಟಲು ಹಿಡಿದು ಹೊರಗೆ ಹೋದ ಸುಂದರವ್ವ ಅಲ್ಲಿಂದಲೇ ಕೂಗಿದಳು.

"ಏನ್ರೀ! ಹೊರಗ ಬರ್ರಿ! ಲಿಂಗ ಮೂಡ್ಯಾವ್ರಿ, ಜೋಡ ಲಿಂಗ!"

ಹಣಮಪ್ಪ ಓಡಿ ಬಂದ. ಹೆಂಡತಿಯ ಕಣ್ಣಲ್ಲಿ ನೀರಿತ್ತು. ಬಿಳಿ ಬಾನೆಟ್ಟಿನ ಮೇಲೆ ಬೂದು ಬಣ್ಣದ ಎರಡು ಪುಟ್ಟ ಉಂಡೆಗಳು ನಿಜಕ್ಕೂ ಲಿಂಗದ ಹಾಗೇ ಕಂಡವು. ಹೆಬ್ಬೆರಳ ಕೆಲಸ ಚಂದವಿತ್ತು. ಈಗ ಹೇಳಬಹುದಿತ್ತು. ಹೇಳಿದರೆ ಪೊಲೀಸಪ್ಪನ ಕಥೆ ಹೇಳಬೇಕು, ಕಿವಿ ಹಿಡಿದದ್ದು ಹೇಳಬೇಕು. ಹಣಮಪ್ಪ ಸುಮ್ಮನೆ ಕೈ ಮುಗಿದ.

ಸುಂದರವ್ವನನ್ನು ಹುಚ್ಚಿ ಅನ್ನಬೇಡಿ. ಅವರಿದ್ದದ್ದು ಗುಡ್ಡದ ಮೇಲಿನ ಬಾಡಿಗೆ ಖೋಲಿ. ಒಲೆ, ಹಾಸಿಗೆ, ಜೋಳದ ಚೀಲ ಇಟ್ಟ ಮೇಲೆ ದೇವರಿಗೆ ಒಂದು ಮೂಲೆಯೂ ಉಳಿಯುತ್ತಿರಲಿಲ್ಲ. ಊದುಬತ್ತಿ ಹೊಗೆಗೆ ಮನೆಯೊಡೆಯನ ತಕರಾರು ಬೇರೆ. ಇಪ್ಪತ್ತು ವರ್ಷ ದೇವರಿಗೆ ಜಾಗವಿಲ್ಲ ಅಂತ ಕೊರಗಿದವಳಿಗೆ ದೇವರೇ ತನ್ನ ಜಾಗ ಹುಡುಕಿಕೊಂಡು ಬಂದಿದ್ದ, ಅದೂ ಚಕ್ರವಿರುವ ಜಾಗ. ಅವಳು ದಿನಾ ವಿಭೂತಿ ಹಚ್ಚಿದಳು, ಕುಂಕುಮ ಇಟ್ಟಳು, ಒಂದೊಂದು ಹೂ ಏರಿಸಿದಳು.

ಹಣಮಪ್ಪ ಮೊದಮೊದಲು ಹೆಂಡತಿ ನೋಡುತ್ತಾಳೆಂದು ಕೈ ಮುಗಿಯುತ್ತಿದ್ದ. ಎರಡು ವರ್ಷ ಕಳೆದ ಮೇಲೆ ಅವಳು ನೋಡದಿದ್ದರೂ ಮುಗಿದ. ಲೈಸೆನ್ಸಿಗಾಗಿ ಕಣ್ಣಿನ ಪರೀಕ್ಷೆಗೆ ಹೋಗುವ ಮುಂಚೆ ಅದೇ ಉಂಡೆಗಳ ಮುಂದೆ ಒಂದು ಕಾಯಿ ಒಡೆಸುತ್ತೇನೆಂದು ಬೇಡಿಕೊಂಡ, ಕಣ್ಣು ಪಾಸಾಯಿತು. ಪಾಸಿಂಗಿಗೆ ಹೋದ ದಿನ ಐದು ಕಾಯಿ ಬೇಡಿಕೊಂಡಿದ್ದ. ನೀರಿನ ದಾರಿಗೆ ಅಡ್ಡ ಕೂತವರನ್ನೇ ನೀರು ಕೊಡ್ರಿ ಅಂತ ಕೇಳಿದ ಹಾಗಾಗಿತ್ತು. ತಾನೇ ಮೆತ್ತಿದ್ದೆಂಬುದು ಅವನಿಗೆ ಮರೆತಿರಲಿಲ್ಲ, ಆದರೆ ನೆನಪು ಮಾಡಿಕೊಳ್ಳುವ ಅಗತ್ಯ ಬಿದ್ದಿರಲಿಲ್ಲ.

ಈಗ ಬಿತ್ತು. ಲಿಂಗ ತೆಗೆಯದೆ ನೀರಿಲ್ಲ, ಲಿಂಗ ತೆಗೆದರೆ ಹೆಂಡತಿಗೆ ಹೇಳದೆ ಗತಿಯಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಆರು ದಿನ ಅವನು ಮನೆ ಮುಂದೆ ತಗಡಿನ ಮಾಡಿನ ಕೆಳಗೆ ತಾನೇ ರಿಪೇರಿ ಮಾಡಿದ. ಬಾನೆಟ್ಟಿನ ಒಳಗಿನ ನೀರಿನ ಡಬ್ಬಿಯಲ್ಲಿ ಒಣಗಿದ ಪಾಚಿ ಮಾತ್ರ ಇತ್ತು. ತೊಳೆದು ತುಂಬಿದ, ಕೆಳಗಿನಿಂದ ಸೋರಿತು. ರಬ್ಬರ್ ಪೈಪನ್ನು ಇಲಿ ಕಡಿದಿತ್ತು. "ಎಲ್ಲಾ ಈ ಇಲಿ ಕೆಲಸ ನೋಡು," ಅಂತ ಹೆಂಡತಿಗೆ ಹೇಳಿದ. ಗುರುತಿನ ಕಂಪೌಂಡರನಿಂದ ಸಲೈನ್ ನಳಿ ತಂದು ಪೈಪಿನ ಜಾಗಕ್ಕೆ ಹಾಕಿದ. ಕಡ್ಡಿ ಎಳೆದರೆ ಮೋಟರ್ ಉಸಿರೆತ್ತಲಿಲ್ಲ. "ಸಮುದ್ರದ ಗಾಳಿ, ಕಬ್ಬಿಣ ತಿಂತೈತಿ," ಅಂದ. ಫ್ಯೂಸ್ ಸುಟ್ಟಿತ್ತು, ಹೊಸದು ಹಾಕಿದ ಮೇಲೆ ಮೋಟರ್ ಗುಂಯ್ ಅಂತು. ನೀರು ನಳಿಯಲ್ಲಿ ಸರಸರ ಏರಿತು, ಲಿಂಗದ ಬುಡ ಮುಟ್ಟಿ ನಿಂತಿತು, ಒತ್ತಡಕ್ಕೆ ನಳಿಯೇ ಕಳಚಿ ಬಿಸಿ ಇಂಜಿನ್ ಮೇಲೆಲ್ಲ ಚೆಲ್ಲಿ ಹೊಗೆಯೆದ್ದಿತು. "ಮೊದಲಿನ ಮಾಲಕ ಏನೇನ್ ಮಾಡಿಟ್ಟಾನೋ," ಅಂದ. ಕುಣಿಯಲಾರದವಳಿಗೆ ನೆಲ ಡೊಂಕು, ಹಣಮಪ್ಪನಿಗೆ ಇಲಿ, ಸಮುದ್ರ, ಮೊದಲಿನ ಮಾಲಕ, ಮೂರೂ ಡೊಂಕು.

ಸುಂದರವ್ವ ಇದನ್ನೆಲ್ಲ ರೊಟ್ಟಿ ಬಡಿಯುತ್ತಲೇ ನೋಡಿದಳು. "ಮಲಂಗ ತಮ್ಮನ ಕಡೆ ಒಯ್ಯಬಾರದೇನ್ರಿ? ಅವನ ಕೆಲಸನ ಅದು," ಅಂದಳು.

ಮಲಂಗಸಾಬ ಅವಳ ತವರೂರಿನವನು. ಹಾಗಾಗಿ ಅವಳು ಅವನಿಗೆ ಅಕ್ಕ, ಹಣಮಪ್ಪ ಮಾವ. ಗುಡ್ಡದ ಕೆಳಗೆ ರಸ್ತೆ ಬದಿಗೆ ಅವನ ಗ್ಯಾರೇಜು. ಹೆಂಡತಿ ಮಕ್ಕಳು ಊರಲ್ಲಿ, ಇವನೊಬ್ಬ ಇಲ್ಲಿ. ಹದಿನೆಂಟು ವರ್ಷದಿಂದ ಸುಂದರವ್ವ ದಿನದ ಮೊದಲ ಐದು ರೊಟ್ಟಿ ಅವನ ಹೆಸರಿಗೆ ತೆಗೆದಿಡುತ್ತಾಳೆ. ಅಷ್ಟು ಹತ್ತಿರದವನಾದರೂ ಹಣಮಪ್ಪ ತನ್ನ ಕಾರನ್ನು ಒಮ್ಮೆಯೂ ಅವನ ಕೈಗೆ ಕೊಟ್ಟಿರಲಿಲ್ಲ. ಡ್ರೈವರ್ ಆದವನು ತನ್ನ ಗಾಡಿ ರಿಪೇರಿಗೆ ಮತ್ತೊಬ್ಬನ ಹತ್ತಿರ ಹೋಗುವುದೇ?

ಏಳನೆಯ ದಿನ ಹೋದ. ಅಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆದಿತ್ತು: ನಳಿಯನ್ನು ಬಾನೆಟ್ಟಿನ ಸಂದಿಯಿಂದ ಹೊರಗೆ ಎಳೆದು ವೈಪರಿನ ಕಡ್ಡಿಗೇ ಕಟ್ಟಿದರೆ? ನೀರು ಅಲ್ಲಿಂದ ಬೀಳಲಿ, ಲಿಂಗ ಇದ್ದಲ್ಲೇ ಇರಲಿ.

"ವೈಪರಿಗೆ ಯಾಕ ಕಟ್ಟಬೇಕು ಮಾವಾ? ಗಾಡೀಗೆ ಮೂತಿ ಇರತಾವಲ್ಲ," ಅಂದ ಮಲಂಗಸಾಬ.

"ಹೇಳಿದಷ್ಟ ಮಾಡು. ಬಾನೆಟ್ಟಿನ ಮ್ಯಾಲಿಂದೇನೂ ಮುಟ್ಟಬ್ಯಾಡ."

"ಯಾಕ?"

"ಮುಟ್ಟಬ್ಯಾಡಂದ್ರ ಮುಟ್ಟಬ್ಯಾಡ," ಅಂದು ಹಣಮಪ್ಪ ಚಹ ತರಲು ಎದುರಿನ ಗೂಡಂಗಡಿಗೆ ಹೋದ.

ರಾತ್ರಿಯಿಡೀ ಬಿದ್ದ ಮಳೆಗೆ ಕುಂಕುಮ, ವಿಭೂತಿ, ಹೂ ಎಲ್ಲ ತೊಳೆದುಹೋಗಿತ್ತು. ಮಲಂಗಸಾಬನ ಕಣ್ಣಿಗೆ ಕಂಡದ್ದು ಎರಡು ಬೂದು ಉಂಡೆ. ನೀರು ಎಲ್ಲಿಂದ ಹೊರಟು ಎಲ್ಲಿ ನಿಂತಿತು ಅಂತ ನೋಡದೆ ಬಿಡುವ ಮೆಕ್ಯಾನಿಕ್ ಅವನಲ್ಲ. ಉಗುರಿನಿಂದ ಕೆರೆದು ನೋಡಿದ. ಎಂ-ಸೀಲ್. ಯಾವ ಹುಚ್ಚಪ್ಪ ಮೂತಿಗೆ ಎಂ-ಸೀಲ್ ಮೆತ್ತ್ಯಾನ ಅಂತ ನಗುತ್ತ, ಸಣ್ಣ ಸ್ಕ್ರೂಡ್ರೈವರ್ ಬುಡಕ್ಕಿಟ್ಟು ಹಿಡಿಕೆಗೆ ಸುತ್ತಿಗೆಯಿಂದ ತಟ್ಟಿದ. ಚಟ್ ಅಂತ ಒಂದು ಹಾರಿತು. ಇನ್ನೊಂದೂ ಹಾರಿತು. ಕೊಡೆ ಹಿಡಿದು, ಅವನ ಐದು ರೊಟ್ಟಿ ಸೆರಗಿನೊಳಗೆ ಮುಚ್ಚಿಕೊಂಡು ಇಳಿಜಾರು ಇಳಿದು ಬಂದ ಸುಂದರವ್ವ ನೋಡಿದ್ದು ಇದನ್ನು.

"ತಮ್ಮಾ! ಏನ್ ಮಾಡಿದ್ಯೋ! ನನ್ನ ಲಿಂಗ ಒಡದ್ಯಲ್ಲೋ!"

ಅವಳು ಒದ್ದೆ ನೆಲದ ಮೇಲೆ ಕೂತು, ಎರಡೂ ತುಂಡುಗಳನ್ನು ಹುಡುಕಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಅತ್ತಳು. ಮಲಂಗಸಾಬ ಸುತ್ತಿಗೆ ಹಿಡಿದು ನಿಂತೇ ಇದ್ದ. ಅವನಿಗೆ ಒಂದು ಗಳಿಗೆಯಲ್ಲಿ ಎಲ್ಲ ತಿಳಿದಿರಬೇಕು. ಎರಡು ಗ್ಲಾಸು ಚಹ ಹಿಡಿದು ರಸ್ತೆ ದಾಟಿ ಬಂದ ಹಣಮಪ್ಪನ ಮುಖವನ್ನೇ ನೋಡಿದ.

ಸುಂದರವ್ವನೂ ನೋಡಿದಳು. ನಾನೇ ಮೆತ್ತಿದ್ದು ಎಂಬ ಒಂದೇ ಮಾತು ಸಾಕಾಗಿತ್ತು.

"ನಾ ಹೇಳಿದ್ದೆ ಮಲಂಗ್ಯಾ," ಅಂದ ಹಣಮಪ್ಪ. "ಮ್ಯಾಲಿಂದು ಮುಟ್ಟಬ್ಯಾಡ ಅಂತ ಹೇಳಿದ್ದೆ ನಾ."

ಮಾತು ಅಕ್ಷರಶಃ ನಿಜ. ಇಷ್ಟು ನಿಜವಾದ ಸುಳ್ಳನ್ನು ಅವನು ಆವರೆಗೆ ಹೇಳಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದನ್ನು ಕೇಳಿದ್ದೇವೆ, ಇಲ್ಲಿ ಎತ್ತೇ ಬರೆಯ ಕಬ್ಬಿಣ ಹಿಡಿದಿತ್ತು.

ಮಲಂಗಸಾಬ ಸುತ್ತಿಗೆ ಕೆಳಗಿಟ್ಟ. "ತಪ್ಪಾತ್ರಿ ಅಕ್ಕಾರ," ಅಂದ. "ನಾ ನೋಡಲಿಲ್ಲ."

ಸುಂದರವ್ವ ರೊಟ್ಟಿ ಗಂಟನ್ನು ಬೆಂಚಿನ ಮೇಲಿಟ್ಟು ಎದ್ದು ಹೋದಳು. ಮಲಂಗಸಾಬ ಉಳಿದ ಕೆಲಸ ಮುಗಿಸಿದ. ಸಲೈನ್ ನಳಿ ಕಿತ್ತು ಸರಿಯಾದ ಪೈಪು ಹಾಕಿದ, ಜೋಡಣೆಗೆ ಕ್ಲಿಪ್ಪು ಒತ್ತಿದ, ಮೂತಿಯ ತೂತುಗಳನ್ನು ತಂತಿಯಿಂದ ಬಿಡಿಸಿ, ಸೂಜಿ ಚುಚ್ಚಿ ದಿಕ್ಕು ಹೊಂದಿಸಿದ. ಕಡ್ಡಿ ಎಳೆದಾಗ ಎರಡೂ ಧಾರೆ ಗಾಜಿನ ನಡುಮಧ್ಯಕ್ಕೆ ಬಿದ್ದವು. ಹಣಮಪ್ಪ ಖುಷಿಪಡಬೇಕಿತ್ತು. ಅವನು ಆರಿ ತಣ್ಣಗಾದ ಎರಡೂ ಗ್ಲಾಸು ಚಹವನ್ನು ಚರಂಡಿಗೆ ಚೆಲ್ಲಿದ.

ಮರುದಿನ ಸುಂದರವ್ವ ಮೊದಲ ಐದು ರೊಟ್ಟಿ ತೆಗೆದು ಬೇರೆ ಇಟ್ಟಳು. ಸ್ವಲ್ಪ ಹೊತ್ತು ನೋಡಿ, ಮತ್ತೆ ಬುಟ್ಟಿಯೊಳಗೇ ಹಾಕಿದಳು. "ಕೈ ಬರವಲ್ದು," ಅಂದಳು, ಯಾರಿಗೂ ಅಲ್ಲದ ಹಾಗೆ. ತುಂಡುಗಳನ್ನು ಜೋಳದ ಡಬ್ಬಿಯ ಮೇಲಿಟ್ಟು ದೀಪ ಹಚ್ಚಿದಳು. ತಾನು ಒಂದೇ ಹೊತ್ತು ಉಂಡಳು. ಒಡೆದವನು ತಮ್ಮನಾದರೆ ಪಾಪದ ಪಾಲು ಅಕ್ಕನಿಗೂ ಬರುತ್ತದೆ ಅಂತ.

ಸುದ್ದಿ ವಠಾರದ ನಳದ ಹತ್ತಿರ ಹೋಗಲು ಎಷ್ಟು ಹೊತ್ತು? ಒಬ್ಬಾಕೆ ಮಲಂಗಸಾಬನ ಹೆಸರಿನ ಜೊತೆ ಅವನ ಜಾತಿಯನ್ನೂ ಸೇರಿಸಿ ಒಂದು ಮಾತು ಆಡಿದಳು. "ಬಾಯಿ ತೊಳಕೋ, ಅವ ನನ್ನ ತಮ್ಮ," ಅಂದು ಸುಂದರವ್ವ ಅವಳ ಬಾಯಿ ಮುಚ್ಚಿಸಿದಳು. ಆದರೆ ನಳದ ಮಾತು ಬಸ್ ಸ್ಟ್ಯಾಂಡ್ ತಲುಪಿದರೆ ಗುಡ್ಡದ ಕೆಳಗಿನ ಒಂದು ಗ್ಯಾರೇಜಿಗೆ ಏನಾಗಬಹುದು ಅಂತ ಹಣಮಪ್ಪನಿಗೆ ಗೊತ್ತಿತ್ತು. ಅವನಿಗೆ ಭಯವಾಯಿತು. ಭಯವಾದರೂ ಬಾಯಿ ಬರಲಿಲ್ಲ. ಮೊದಲು ಪಾಸಿಂಗ್ ಆಗಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡ.

ಶುಕ್ರವಾರ ಪಾಸಿಂಗಿಗೆ ಹೋದರೆ ಬೇರೆ ಆಫೀಸರ್ ಇದ್ದ. ಟೈರು ಒದ್ದು ನೋಡಿದ, ನಂಬರ್ ತಾಳೆ ನೋಡಿದ, ಸಹಿ ಹಾಕಿದ. ಹಣಮಪ್ಪನಿಗೆ ತಡೆಯಲಾಗಲಿಲ್ಲ. "ಸಾಹೇಬ್, ಉದಕ್?" ಅಂದು ಕಡ್ಡಿ ಎಳೆಯಲು ಕೈ ಚಾಚಿದ.

ಆಫೀಸರ್ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದ. "ಪಾವ್ಸಾಂತ್ ಉದಕ್ ಕಿತ್ಯಾಕ್?" ಅಂದ. ಮಳೆಗಾಲದಲ್ಲಿ ನೀರು ಯಾಕೆ?

ಗಾಡಿಗೆ ಐದು ವರ್ಷ ಆಯುಸ್ಸು ಸಿಕ್ಕಿತು. ಹಣಮಪ್ಪ ಮನೆಗೆ ಬಂದು ಕಾಗದ ತೋರಿಸಿದ. ಸುಂದರವ್ವ "ಚಲೋ ಆತು" ಅಂದು ಹಿಟ್ಟು ನಾದಿದಳು. ಆಮೇಲೆ ಹೇಳಿದರಾಯಿತು ಅಂದುಕೊಂಡಿದ್ದ ಆ ಆಮೇಲೆ ಶನಿವಾರ ಬರಲಿಲ್ಲ, ಭಾನುವಾರ ಬರಲಿಲ್ಲ, ಸೋಮವಾರ, ಮಂಗಳವಾರವೂ ಬರಲಿಲ್ಲ.

ಬುಧವಾರಕ್ಕೆ ರೊಟ್ಟಿ ನಿಂತು ಎಂಟು ದಿನ. ಅವತ್ತು ಮಧ್ಯಾಹ್ನ ಮಲಂಗಸಾಬ ಬಂದ. ಹದಿನೆಂಟು ವರ್ಷ ಒಲೆಯ ಪಕ್ಕ ಕೂತು ಬಿಸಿ ರೊಟ್ಟಿ ತಿಂದವನು ಹೊಸ್ತಿಲ ಹೊರಗೇ ನಿಂತ. ಮಳೆಗೆ ತಲೆ ತೊಯ್ದಿತ್ತು. ಕೈಯಲ್ಲಿ ಒಂದು ತೆಂಗಿನಕಾಯಿ.

"ಅಕ್ಕಾರ, ಇದನ್ನ ನಿಮ್ಮ ದೇವರಿಗೆ ಒಡಸ್ರಿ. ನನ್ನ ತಪ್ಪು ಹೊಟ್ಯಾಗ ಹಾಕ್ಕೋರಿ."

ಸುಂದರವ್ವ ಕಾಯಿ ತಗೊಂಡಳು. ಒಳಗೆ ಬಾ ಅನ್ನಲು ಬಾಯಿ ತೆರೆದವಳು ಅನ್ನಲಿಲ್ಲ. ಅವನು ಇಳಿಜಾರು ಇಳಿದು ಹೋದ. ಹಣಮಪ್ಪ ಜೋಳದ ಚೀಲದ ಮೇಲೆ ಕೂತು ಇದನ್ನು ನೋಡಿದ. ಅವನ ಜೀವಕ್ಕೆ ತಾಳಲಾಗಲಿಲ್ಲ.

"ಸುಂದ್ರವ್ವಾ, ಅದು ಲಿಂಗ ಅಲ್ಲ," ಅಂದ.

"ಒಡದ ಮ್ಯಾಲ ಎಲ್ಲಿ ಲಿಂಗ್ರಿ?"

"ಒಡಿಯೂಕಿಂತ ಮೊದಲೂ ಅಲ್ಲ. ಎಂ-ಸೀಲ್ ಅದು. ನಾನ ಮೆತ್ತಿದ್ದೆ."

ಎಲ್ಲ ಹೇಳಿದ. ಪೊಲೀಸಪ್ಪನ ಬಿಳಿ ಡ್ರೆಸ್ಸು, ಕಿವಿ ಹಿಡಿದದ್ದು, ಟೆಂಪೋದವರು ಇಟ್ಟ ಹೆಸರು, ಒಂದೂ ಬಿಡಲಿಲ್ಲ. ಅವಳು ನಕ್ಕಾಳು ಅಂತ ಹೆದರಿದ್ದ. ನಕ್ಕಿದ್ದರೆ ಚೆನ್ನಾಗಿತ್ತು.

"ಮಲಂಗಗ ಇದು ಗೊತ್ತಿತ್ತೇನ್ರಿ?" ಅಂದಳು ಕೊನೆಗೆ.

"ನೋಡಿದ ಕೂಡ್ಲೆ ಗೊತ್ತಾಗಿರತೈತಿ. ಮೆಕ್ಯಾನಿಕ್ ಅವ."

ಸುಂದರವ್ವ ಡಬ್ಬಿಯ ಮೇಲಿನ ದೀಪ ನೋಡಿದಳು, ಕಾಯಿ ನೋಡಿದಳು. ಅವಳ ದನಿ ಏರಲಿಲ್ಲ.

"ಲಿಂಗದ ಮಾತು ಬಿಡ್ರಿ. ಗುಡಿಯಾಗಿನ ಕಲ್ಲೂ ಯಾರೋ ಒಬ್ಬವ ಕಡದು ಇಟ್ಟದ್ದ. ನಾ ಮಾಡಿದ ಪೂಜಿ ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟೇತಿ. ಆದ್ರ ಆ ತಪ್ಪಿಲ್ಲದವನ ರೊಟ್ಟಿ ಎಂಟು ದಿನ ಬಂದ್ ಮಾಡಿದ್ದು ಈ ಕೈ. ನನ್ನ ಕೈಲೇ ಮಾಡಿಸಿದ್ರಲ್ರಿ ಅದನ್ನ."

ಇಲಿ, ಸಮುದ್ರ, ಮೊದಲಿನ ಮಾಲಕ, ಯಾರೂ ಹಣಮಪ್ಪನ ನೆರವಿಗೆ ಬರಲಿಲ್ಲ.

"ಈಗ ನಳದ ಹತ್ರ ಹೋಗ್ರಿ," ಅಂದಳು. "ನನ್ನ ಮುಂದ ಹೇಳಿದ್ದನ್ನ ಅಲ್ಲಿ ಹೇಳ್ರಿ. ನಾಳೆ ಅವನ ರೊಟ್ಟಿ ನೀವ ಒಯ್ದು, ಅವನ ಮುಂದ ಹೇಳ್ರಿ. ಮತ್ತ ನಾಳಿಂದ ಎಂಟು ದಿನ ನಿಮಗ ನನ್ನ ಕೈ ರೊಟ್ಟಿ ಇಲ್ಲ. ಪಾವ್ ತಿನ್ರಿ."

ಹಣಮಪ್ಪ ನಳದ ಹತ್ತಿರ ಹೋದ. ಬಿಂದಿಗೆ ಹಿಡಿದು ನಿಂತ ಹನ್ನೆರಡು ಹೆಂಗಸರ ಎದುರು ತನ್ನ ಕಥೆ ತಾನೇ ಹೇಳಿದ. ಪೊಲೀಸಪ್ಪನ ಜಾಗ ಬಂದಾಗ ಅವರು ಬಿಂದಿಗೆ ಕೆಳಗಿಟ್ಟು ನಕ್ಕರು, ಜಾತಿಯ ಮಾತಾಡಿದ್ದ ಆಕೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಮಲಂಗಸಾಬನ ಹೆಸರು ಆ ನಗುವಿನಲ್ಲಿ ಕೊಚ್ಚಿ ಹೋಯಿತು, ಬಸ್ ಸ್ಟ್ಯಾಂಡ್ ತಲುಪಿದ್ದು ಹಣಮಪ್ಪನ ಹೆಸರು ಒಂದೇ.

ಗುರುವಾರ ಐದು ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಸಿಕೊಂಡು ಗ್ಯಾರೇಜಿಗೆ ಹೋದ. ಮಲಂಗಸಾಬ ಒಂದು ರಿಕ್ಷಾದ ಬ್ಯಾಟರಿ ಬಿಚ್ಚುತ್ತಿದ್ದ. ಗಂಟು ನೋಡಿ ಕೈ ಒರೆಸಿಕೊಂಡ.

"ಮಲಂಗ್ಯಾ, ಆ ಎಂ-ಸೀಲ್..."

"ಗೊತ್ತೈತಿ ಮಾವಾ."

"ಗೊತ್ತಿದ್ದೂ ಆವತ್ತ ಯಾಕ ಸುಮ್ನಿದ್ದಿ? ಅಕ್ಕನ ಮುಂದ ಒಂದು ಮಾತು ಅಂದಿದ್ರ ಮುಗೀತಿತ್ತಲ್ಲ."

ಮಲಂಗಸಾಬ ಗಂಟು ಬಿಚ್ಚಿದ. "ಹೇಳೂದು ನಿಂದಿತ್ತು," ಅಂದ. "ಇವತ್ತ ಹೇಳ್ತಿ, ನಾಳೆ ಹೇಳ್ತಿ ಅಂತ ದಾರಿ ನೋಡಿದೆ. ಎಂಟನೇ ದಿನಕ್ಕ, ಇವ ಇನ್ನ ಹೇಳಾಂವಲ್ಲ ಅನ್ನಿಸ್ತು. ಅದಕ್ಕ ತಪ್ಪು ನಂದ ಅಂತ ಒಪ್ಪಿ ಕಾಯಿ ತಗೊಂಡು ಬಂದೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಣಮಪ್ಪನ ಹತ್ತಿರ ಜವಾಬು ತಯಾರಿತ್ತು. ಅವನು ಬೆಂಚಿನ ಮೇಲೆ ಕೂತ. "ತಪ್ಪಾತೋ," ಅಂದ. ದನಿ ಎಷ್ಟು ಸಣ್ಣದಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು.

ಮಲಂಗಸಾಬ ಒಂದು ರೊಟ್ಟಿ ಮುರಿದು, ಪಲ್ಯ ಇಟ್ಟು, ಅರ್ಧ ಇವನತ್ತ ಸರಿಸಿದ.

"ನನಗ ಬ್ಯಾಡ. ನಿಮ್ಮಕ್ಕ ಎಂಟು ದಿನ ನನಗ ರೊಟ್ಟಿ ಬಂದ್ ಮಾಡ್ಯಾಳ."

ಮಲಂಗಸಾಬ ಅವತ್ತು ಮೊದಲ ಸಲ ನಕ್ಕ. "ಅಕ್ಕಾರು ಕೊಟ್ಟದ್ದು ನನಗ. ನಾ ಕೊಡಾಕತ್ತಿದ್ದು ನಿನಗ. ತಿನ್ನು ಮಾವಾ. ಎಂಟೂ ದಿನ ಇಲ್ಲೇ ತಿನ್ನು ಬಾ."

ಹಣಮಪ್ಪ ತಿಂದ. ಕೊಟ್ಟದ್ದರಲ್ಲಿ ಚೂರೂ ಬಿಡಲಿಲ್ಲ. ಇನ್ನೂ ಏಳು ದಿನ ಹೀಗೇ ಬಂದು, ಇವನ ಎದುರು ಕೂತು, ಇವನ ಪಾಲಿನ ರೊಟ್ಟಿ ತಿನ್ನಬೇಕಲ್ಲ ಅಂತ ನೆನೆದು ಅವನಿಗೆ ನಾಚಿಕೆಯಾಯಿತು. ಮಲಂಗಸಾಬ ಬಾ ಅಂದನಲ್ಲ ಅಂತ ಸಮಾಧಾನವೂ ಆಯಿತು.